ಬಾನೆಟ್ಟಿನ ಹೊಳಪಿಗಿಂತ ಬ್ರೇಕ್ ಆಯಿಲ್ ಮುಖ್ಯ

ಮಾನ್ಯ ಸಂಪಾದಕರೇ,

ಹವ್ಯಾಸಿ ಕಾರ್ ಕ್ಲಬ್ಬುಗಳು ನಡೆಸುವ ಮೋಟಾರು ಕ್ರೀಡಾ ದಿನಗಳ ವರದಿಗಳನ್ನು ನಾನು ತಪ್ಪದೆ ಓದುತ್ತೇನೆ. ಯಾವ ಕಾರು ಎಷ್ಟು ಸೆಕೆಂಡಿನಲ್ಲಿ ಸುತ್ತು ಮುಗಿಸಿತು, ಯಾರ ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ, ಯಾರು ಯಾವ ತಿರುವಿನಲ್ಲಿ ಯಾರನ್ನು ಹಿಂದೆ ಹಾಕಿದರು ಎಂಬ ವಿವರಗಳು ಅವುಗಳಲ್ಲಿ ಧಾರಾಳವಾಗಿ ಇರುತ್ತವೆ. ಆ ದಿನಕ್ಕೆ ಮೊದಲಿನ ಹದಿನೈದು ದಿನಗಳಲ್ಲಿ ಸ್ಪರ್ಧಿ ಏನು ಮಾಡಬೇಕಿತ್ತು, ಏನು ಮಾಡದೆ ಬಂದ ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಮೊದಲು ಸ್ಪರ್ಧಿಯಾಗಿ ಸಾಲಿನಲ್ಲಿ ಕಾದವನೂ, ಈಗ ಅನೇಕ ವರ್ಷಗಳಿಂದ ಬೆಳಗಿನ ತಪಾಸಣೆಯಲ್ಲಿ ಸ್ವಯಂಸೇವಕನಾಗಿ ಬಾನೆಟ್ಟುಗಳನ್ನು ಎತ್ತಿ ನೋಡುತ್ತಿರುವವನೂ ಆದ ನನಗೆ ಈ ಮೌನ ಕೇವಲ ಸುದ್ದಿಯ ಕೊರತೆಯಾಗಿ ಕಾಣುವುದಿಲ್ಲ. ಹೊಸಬರು ಸಿದ್ಧತೆಯೆಂದರೆ ಕಾರಿನ ವೇಗ ಹೆಚ್ಚಿಸುವುದು ಎಂದುಕೊಂಡು ಬರುವುದಕ್ಕೆ ಅದೂ ಒಂದು ಕಾರಣ.

ನನ್ನ ಅನುಭವದಲ್ಲಿ ಮೊದಲ ಬಾರಿಗೆ ಬರುವ ಹತ್ತು ಜನರಲ್ಲಿ ಏಳೆಂಟು ಮಂದಿ ಏರ್ ಫಿಲ್ಟರ್ ಬದಲಿಸಿಕೊಂಡಿರುತ್ತಾರೆ, ಸದ್ದು ಮಾಡುವ ಸೈಲೆನ್ಸರ್ ಹಾಕಿಸಿಕೊಂಡಿರುತ್ತಾರೆ, ಬಾಗಿಲಿನ ಮೇಲೆ ಅಂದವಾದ ಸಂಖ್ಯೆ ಅಂಟಿಸಿಕೊಂಡಿರುತ್ತಾರೆ. ಬ್ರೇಕ್ ಆಯಿಲ್ ಕೊನೆಯ ಬಾರಿ ಯಾವಾಗ ಬದಲಾಯಿತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಕಳೆದ ವರ್ಷ ಒಬ್ಬ ಯುವಕ ಕನ್ನಡಿಯಂತೆ ಹೊಳೆಯುವ ಕಾರು ತಂದಿದ್ದ. ಎಂಜಿನ್ನಿನ ಮೇಲೆ ಬೆರಳಾಡಿಸಿದರೂ ಧೂಳು ಹತ್ತುವಂತಿರಲಿಲ್ಲ. ಬ್ಯಾಟರಿಯ ಮೇಲೆ ಕೈ ಇಟ್ಟು ಅಲುಗಿಸಿದೆ. ಅದು ತೊಟ್ಟಿಲಿನಂತೆ ಆಚೀಚೆ ತೂಗಿತು. ಹಿಂದಿನ ರಾತ್ರಿ ಒಳಗೆಲ್ಲ ತೊಳೆಯಲೆಂದು ಬ್ಯಾಟರಿ ಬಿಚ್ಚಿದವನು ಮತ್ತೆ ಇಡುವಾಗ ಕ್ಲ್ಯಾಂಪಿನ ಬೋಲ್ಟನ್ನು ಮರೆತಿದ್ದ. ಜೋರಾದ ತಿರುವಿನಲ್ಲಿ ಆ ಬ್ಯಾಟರಿ ಪಕ್ಕಕ್ಕೆ ಜಾರಿ ಅದರ ಧನಾತ್ಮಕ ತುದಿ ಲೋಹಕ್ಕೆ ತಗುಲಿದ್ದರೆ ಕಿಡಿ ಹಾರಿ ಬೆಂಕಿ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅವನಿಗೆ ಬೋಲ್ಟ್ ಕೊಟ್ಟವರು ಪಕ್ಕದ ಸಾಲಿನಲ್ಲಿದ್ದ, ಅವನೊಡನೆಯೇ ಸ್ಪರ್ಧಿಸಬೇಕಿದ್ದ ಹಿರಿಯರೊಬ್ಬರು. ಕ್ಲಬ್ಬಿನ ದಿನಗಳ ಸೊಗಸು ಇಂಥದ್ದರಲ್ಲಿದೆ. ಆದರೆ ಬೆಳಗಿನ ಏಳು ಗಂಟೆಗೆ ಬೋಲ್ಟ್ ಹುಡುಕುವುದು ಯುದ್ಧಕಾಲೇ ಶಸ್ತ್ರಾಭ್ಯಾಸವೇ ಸರಿ.

ಬ್ರೇಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ, ಏಕೆಂದರೆ ದಿನನಿತ್ಯದ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಬ್ರೇಕು ಟ್ರ್ಯಾಕಿನಲ್ಲೂ ಹಿಡಿಯುತ್ತದೆ ಎಂಬ ನಂಬಿಕೆಯೇ ಅತಿ ಹೆಚ್ಚು ಜನರನ್ನು ಮೋಸಗೊಳಿಸುತ್ತದೆ. 1200 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 460 ಕಿಲೋಜೌಲ್. ಅದೇ ಕಾರು 140 ಕಿಲೋಮೀಟರ್ ವೇಗಕ್ಕೆ ಏರಿದರೆ ಅದು ಸುಮಾರು 900 ಕಿಲೋಜೌಲ್ ಆಗುತ್ತದೆ. ವೇಗ ಅರ್ಧದಷ್ಟೂ ಹೆಚ್ಚದಿರುವಾಗ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಕಾರನ್ನು ನಿಲ್ಲಿಸುವುದೆಂದರೆ ಆ ಶಕ್ತಿಯನ್ನೆಲ್ಲ ಚಕ್ರದೊಡನೆ ತಿರುಗುವ ಡಿಸ್ಕು ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡುಗಳಲ್ಲಿ ಶಾಖವಾಗಿ ಮಾರ್ಪಡಿಸುವುದು. ರಸ್ತೆಯಲ್ಲಿ ಅಂಥ ಬಿರುಸಿನ ಬ್ರೇಕು ತಿಂಗಳಿಗೊಮ್ಮೆ ಬಿದ್ದರೆ ಹೆಚ್ಚು. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಮೂರು ನಾಲ್ಕು ಬಾರಿ ಬೀಳುತ್ತದೆ, ನಡುವೆ ತಣಿಯಲು ಸಿಗುವುದು ಕೆಲವೇ ಸೆಕೆಂಡು.

ಆ ಶಾಖ ಪ್ಯಾಡಿನಿಂದ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ನಾವು ಬಾಯಿಮಾತಿಗೆ ಆಯಿಲ್ ಎಂದರೂ ಸಾಮಾನ್ಯ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಆಧಾರಿತ ದ್ರವ. ರಬ್ಬರ್ ಹೋಸುಗಳ ಮೂಲಕವೂ ಅದು ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ದ್ರವ ಡಬ್ಬಿ ಒಡೆದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ದ್ರವ ಸುಮಾರು 3.7 ಶೇಕಡಾ ನೀರು ಹೀರಿಕೊಂಡ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ದರ್ಜೆಗೆ ಈ ಅಂಕಿಗಳು 205 ಮತ್ತು 140, ಡಾಟ್ 5.1 ದರ್ಜೆಗೆ 260 ಮತ್ತು 180. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲ್ ಮೇಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ವ್ಯರ್ಥವಾಗಿ, ಪ್ಯಾಡಿನ ತನಕ ಏನೂ ಮುಟ್ಟುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಕಾಲಿನಿಂದ ಕಲಿತದ್ದೇ ಹೆಚ್ಚು. ನನ್ನ ಎರಡನೆಯ ಕ್ಲಬ್ ದಿನದಲ್ಲಿ, ಮಧ್ಯಾಹ್ನದ ಓಟದ ಮೂರನೆಯ ಸುತ್ತಿನಲ್ಲಿ, ಉದ್ದನೆಯ ನೇರದಾರಿಯ ಕೊನೆಗೆ ಬ್ರೇಕ್ ಒತ್ತಿದೆ. ಪೆಡಲ್ ಒದ್ದೆ ಸ್ಪಂಜಿನಂತೆ ಮೆತ್ತಗೆ ತಳದವರೆಗೆ ಹೋಯಿತು. ಎರಡು ಮೂರು ಸಲ ಕಾಲೆತ್ತಿ ಕಾಲೆತ್ತಿ ತುಳಿದು, ಗೇರ್ ಇಳಿಸಿ, ತಿರುವಿನ ಆಸೆ ಬಿಟ್ಟು ನೇರವಾಗಿ ಹುಲ್ಲಿನ ಮೇಲೆ ಓಡಿಸಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಆಶ್ಚರ್ಯವೆಂದರೆ, ಒಂದು ಗಂಟೆ ಕಳೆದು ಕಾರು ತಣ್ಣಗಾದ ಮೇಲೆ ಪೆಡಲ್ ಮತ್ತೆ ಮೊದಲಿನಂತೆ ಗಟ್ಟಿಯಾಗಿತ್ತು! ಆವಿ ಮತ್ತೆ ದ್ರವವಾಗಿತ್ತು, ಅಷ್ಟೇ. ಏನೂ ಆಗಿಲ್ಲವೆಂದು ಅದೇ ಕಾರನ್ನು ಮತ್ತೆ ಟ್ರ್ಯಾಕಿಗೆ ಇಳಿಸುವವರು ಇಂದಿಗೂ ಇದ್ದಾರೆ. ನನ್ನ ಕಾರಿನ ದ್ರವ ಮೂರು ವರ್ಷ ಹಳೆಯದಾಗಿತ್ತು; ತಪ್ಪು ಪೂರ್ತಿ ನನ್ನದೇ. ಈಗ ಪ್ರತಿ ಸ್ಪರ್ಧಾ ದಿನಕ್ಕೆ ಒಂದು ವಾರ ಮೊದಲು ಹೊಸ ಡಬ್ಬಿ ಒಡೆದು ನಾಲ್ಕೂ ಚಕ್ರಗಳಲ್ಲಿ ಬ್ಲೀಡ್ ಮಾಡಿಸುತ್ತೇನೆ, ಅಂದರೆ ಹಳೆಯ ದ್ರವವನ್ನೂ ಗಾಳಿಯನ್ನೂ ಹೊರಹಾಕಿಸುತ್ತೇನೆ, ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸುತ್ತೇನೆ, ಹೊಸ ಪ್ಯಾಡನ್ನು ರಸ್ತೆಯಲ್ಲಿ ಹದವಾಗಿ ಪಳಗಿಸಿಕೊಂಡ ನಂತರವೇ ಟ್ರ್ಯಾಕಿಗೆ ಹೋಗುತ್ತೇನೆ. ಓಟ ಮುಗಿದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ತಣಿಸುವುದನ್ನೂ, ನಿಲ್ಲಿಸಿದೊಡನೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಒಡ್ಡುವುದನ್ನೂ ಹೊಸಬರು ಮೊದಲ ದಿನವೇ ರೂಢಿಸಿಕೊಳ್ಳಬೇಕು. ಕೆಂಪಗೆ ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ನಿಂತರೆ ಮರುದಿನ ಪೆಡಲಿನಲ್ಲಿ ನಡುಕ ಶುರುವಾಗುತ್ತದೆ.

ಚಕ್ರಗಳ ವಿಷಯಕ್ಕೆ ಬರುತ್ತೇನೆ. ವೀಲ್ ನಟ್ಟುಗಳನ್ನು ಪಾನಾದ ಮೇಲೆ ಕಾಲಿಟ್ಟು ಬಿಗಿಯುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಎದುರಿಗಿಟ್ಟರೆ ಕೆಲವರು ನಗುತ್ತಾರೆ. ಕಾರಿನ ಕೈಪಿಡಿಯಲ್ಲಿ ಎಷ್ಟು ನ್ಯೂಟನ್ ಮೀಟರ್ ಎಂದು ಬರೆದಿದೆಯೋ ಅಷ್ಟಕ್ಕೇ, ಒಂದನ್ನು ಬಿಗಿದು ಅದರ ಎದುರಿನದನ್ನು ಬಿಗಿಯುವ ಕ್ರಮದಲ್ಲಿ ಬಿಗಿಯಬೇಕು. ಎಳೆಗಳಿಗೆ ಎಣ್ಣೆ ಹಚ್ಚಬಾರದು, ಹಚ್ಚಿದರೆ ರೆಂಚ್ ತೋರಿಸುವ ಅಂಕಿಗಿಂತ ಬೋಲ್ಟಿನ ಮೇಲೆ ಬೀಳುವ ಎಳೆತ ಹೆಚ್ಚಾಗುತ್ತದೆ. ಮೊದಲ ಓಟ ಮುಗಿದು ಚಕ್ರ ತಣಿದ ಮೇಲೆ ಇನ್ನೊಮ್ಮೆ ನೋಡಬೇಕು. ಹೊರಗಿನಿಂದ ಕೊಂಡ ಅಲಾಯ್ ಚಕ್ರ ಹಾಕಿಕೊಂಡವರು ನಟ್ಟಿನ ತಳ ಶಂಕುವಿನಾಕಾರದ್ದೋ ಗೋಳಾಕಾರದ್ದೋ, ಅದು ಚಕ್ರದ ಕುಳಿಗೆ ಸರಿಯಾಗಿ ಕೂರುತ್ತದೆಯೋ ಎಂದು ಒಂದು ಸಲವಾದರೂ ಬಿಚ್ಚಿ ನೋಡಬೇಕು. ಕೂರದ ನಟ್ಟು ಎಷ್ಟು ಬಿಗಿದರೂ ಸಡಿಲವೇ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನೆಲ ತಾಗುವ ಮೈಯ ಗೀರುಗಳು ಸವೆಯದೆ ಆಳವಾಗಿದ್ದ ಮಾತ್ರಕ್ಕೆ ಟೈರು ಚೆನ್ನಾಗಿದೆ ಎಂದುಕೊಳ್ಳುವವರು ಈ ಅಂಕಿಯನ್ನೂ ಓದಬೇಕು, ಏಕೆಂದರೆ ಬಳಸದೆ ನಿಂತ ಟೈರಿನ ರಬ್ಬರೂ ವರ್ಷ ಕಳೆದಂತೆ ಗಡುಸಾಗುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗ ಒಂದೇ ಗೇಜಿನಿಂದ ನೋಡಿ ಬರೆದಿಟ್ಟುಕೊಳ್ಳಬೇಕು. ಟೈರಿನ ಒಳಗಿನ ಉಷ್ಣತೆ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ, ಹಾಗಾಗಿ ಬೆಳಿಗ್ಗೆ ಹಾಕಿದ ಗಾಳಿ ಓಟದ ನಂತರ ಬೇರೆಯೇ ಆಗಿರುತ್ತದೆ. ಎಷ್ಟು ಬಿಡಬೇಕು ಎಂಬುದಕ್ಕೆ ನನಗೆ ತಿಳಿದ ಸುಲಭ ಉಪಾಯವೆಂದರೆ ಸೀಮೆಸುಣ್ಣ. ಟೈರಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಅಡ್ಡಲಾಗಿ ಒಂದು ಗೆರೆ ಎಳೆದು ಓಡಿಸಿ ಬಂದರೆ, ತಿರುವಿನಲ್ಲಿ ಟೈರು ಎಷ್ಟರ ಮಟ್ಟಿಗೆ ಮಡಚಿಕೊಂಡಿತೋ ಅಲ್ಲಿಯವರೆಗೆ ಸುಣ್ಣ ಅಳಿಸಿರುತ್ತದೆ. ಗೋಡೆಯ ಮೇಲಿನ ಗೆರೆಯೂ ಅಳಿಸಿದ್ದರೆ ಗಾಳಿ ಕಡಿಮೆ. ಅಂಚಿನ ಗೆರೆಯೇ ಉಳಿದಿದ್ದರೆ ಹೆಚ್ಚು.

ಎಂಜಿನ್ ಆಯಿಲ್ ಗುರುತುಕಡ್ಡಿಯ ಮೇಲಿನ ಗೆರೆಯ ಹತ್ತಿರವಿರಲಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿನ ಒಂದು ಬದಿಗೆ ಏರಿ ನಿಂತು ಪಂಪು ಗಾಳಿ ಎಳೆಯುವ ಸಂಭವವಿರುತ್ತದೆ. ಕೂಲೆಂಟ್ ಹೋಸುಗಳ ಕ್ಲಿಪ್ಪು, ಬೆಲ್ಟು, ಹಿಂದಿನ ಮುಂದಿನ ಟೋಯಿಂಗ್ ಹುಕ್ಕು ಇವನ್ನೂ ನೋಡಿಕೊಳ್ಳಬೇಕು. ಒಂದು ಕಾರಿನ ಸೋರಿಕೆಯಿಂದ ಜಾರಿ ಬೀಳುವುದು ಹಿಂದೆ ಬರುವ ಕಾರು ಎಂಬುದನ್ನು ನೆನಪಿಟ್ಟರೆ ಸಾಕು, ಈ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ಕಾರಿನ ಒಳಗಿನ ಸಾಮಾನುಗಳ ಬಗ್ಗೆ ಮಾತ್ರ ಹೇಳಲೇಬೇಕು. ಸೀಟಿನ ಕೆಳಗಿನಿಂದ ನಾನು ಹೊರತೆಗೆದ ವಸ್ತುಗಳಲ್ಲಿ ಕೊಡೆ, ಮಗುವಿನ ಒಂಟಿ ಚಪ್ಪಲಿ, ಸ್ಕ್ರೂಡ್ರೈವರ್, ಎರಡು ಬಾರಿ ಪೂರ್ತಿ ತುಂಬಿದ ನೀರಿನ ಬಾಟಲಿ ಸೇರಿವೆ. ಬ್ರೇಕ್ ಒತ್ತಿದಾಗ ಮುಂದಕ್ಕೆ ಉರುಳುವ ಬಾಟಲಿ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಹೊಸ ಆಯಿಲು, ಹೊಸ ಪ್ಯಾಡು ಎರಡೂ ಇದ್ದೂ ಇಲ್ಲದಂತೆ. ಚಾಲಕನ ಕಾಲ ಬಳಿಯ ಮ್ಯಾಟು, ಡಿಕ್ಕಿಯ ಜಾಕು, ಸ್ಟೆಪ್ನಿ ಎಲ್ಲವೂ ಕಾರಿನಿಂದ ಇಳಿಯಬೇಕು. ಇಳಿಸಿದ್ದನ್ನು ಇಡಲು ಒಂದು ದೊಡ್ಡ ಚೀಲ ಮತ್ತು ಮಳೆ ಬಂದರೆ ಮುಚ್ಚಲು ಒಂದು ಟಾರ್ಪಾಲು ಮನೆಯಿಂದಲೇ ತರಬೇಕು ಎಂಬುದು ಸಣ್ಣ ಮಾತಾದರೂ, ಅದು ನೆನಪಾಗುವುದು ಸಾಮಾನೆಲ್ಲ ನೆಲದ ಮೇಲೆ ಹರಡಿದ ಮೇಲೆಯೇ.

ಹೆಲ್ಮೆಟ್ ಕುರಿತು ಪ್ರತಿ ಬಾರಿಯೂ ವಾದವಾಗುತ್ತದೆ. ಬೈಕಿನ ಹೆಲ್ಮೆಟ್ ತಂದವರು ತಲೆ ಎಲ್ಲಿದ್ದರೂ ತಲೆಯೇ ಅಲ್ಲವೇ ಎನ್ನುತ್ತಾರೆ. 1956ರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ರೇಸ್ ಚಾಲಕ ತಲೆಗೆ ಪೆಟ್ಟಾಗಿ ತೀರಿಕೊಂಡ ನಂತರ, 1957ರಲ್ಲಿ ಅವರ ಹೆಸರಿನಲ್ಲಿ ಹುಟ್ಟಿಕೊಂಡ ಸ್ನೆಲ್ ಪ್ರತಿಷ್ಠಾನ ಹೆಲ್ಮೆಟ್ಟುಗಳ ಪರೀಕ್ಷೆಗೆ ಮಾನದಂಡಗಳನ್ನು ರೂಪಿಸಿತು. ಅದು ಕಾರುಗಳಿಗೆ ನೀಡುವ ಎಸ್‌ಎ ದರ್ಜೆಯಲ್ಲಿ ಬೆಂಕಿ ತಡೆಯುವ ಪರೀಕ್ಷೆಯೂ, ಕಾರಿನೊಳಗಿನ ಕಬ್ಬಿಣದ ಕೊಳವೆಗೆ ತಲೆ ಮತ್ತೆ ಮತ್ತೆ ಬಡಿಯುವುದನ್ನು ಅನುಕರಿಸುವ ಪರೀಕ್ಷೆಯೂ ಇವೆ. ಬೈಕುಗಳ ಎಂ ದರ್ಜೆಯಲ್ಲಿ ಅವಿಲ್ಲ. ಕ್ಲಬ್ಬಿನ ನಿಯಮದಲ್ಲಿ ಯಾವ ದರ್ಜೆ, ಯಾವ ವರ್ಷದ್ದು ಎಂದಿದೆಯೋ ಓದಿಕೊಂಡು, ಹೆಲ್ಮೆಟ್ಟಿನ ಒಳಪದರ ಸರಿಸಿ ಅಂಟುಚೀಟಿ ನೋಡಿಕೊಂಡು ಬಂದರೆ ಮೇಜಿನ ಮುಂದೆ ವಾದ ಮಾಡುವ ಪ್ರಮೇಯವೇ ಬರುವುದಿಲ್ಲ. ಬಟ್ಟೆಯೂ ಅಷ್ಟೇ: ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುವ ನೈಲಾನ್, ಪಾಲಿಯೆಸ್ಟರಿಗಿಂತ ತುಂಬುತೋಳಿನ ಹತ್ತಿ ಬಟ್ಟೆ ಮೇಲು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಗೀಳನ್ನು ನಾನು ಒಪ್ಪುವುದಿಲ್ಲ. ಚಿತ್ರಗಳಲ್ಲಿ ನೋಡಿ ಮರುಳಾಗಿ ಕೆಲವರು ಸಾಧಾರಣ ಕಾರಿನ ಸಾಧಾರಣ ಸೀಟಿಗೆ ನಾಲ್ಕು ಪಟ್ಟಿಗಳ ಬೆಲ್ಟ್ ಹಾಕಿಸಿಕೊಂಡು ಬರುತ್ತಾರೆ. ಆ ಬೆಲ್ಟು ಮೈಯನ್ನು ಸೀಟಿಗೆ ಕಟ್ಟಿ ಹಿಡಿಯುತ್ತದೆ, ಆದರೆ ತಲೆಯನ್ನು ಹಿಡಿಯುವುದಿಲ್ಲ. ಡಿಕ್ಕಿಯಾದಾಗ ಮೈ ನಿಂತು ಹೆಲ್ಮೆಟ್ ಹೊತ್ತ ತಲೆ ಮಾತ್ರ ಮುಂದಕ್ಕೆ ಚಿಮ್ಮಿ ಕತ್ತಿನ ಮೇಲೆ ಭಾರವೆಲ್ಲ ಬೀಳುತ್ತದೆ. ಇದನ್ನು ತಡೆಯಲೆಂದೇ 1980ರ ದಶಕದ ಆರಂಭದಲ್ಲಿ ಜೀವಯಂತ್ರಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್, ರೇಸ್ ಚಾಲಕರಾದ ಜಿಮ್ ಡೌನಿಂಗ್ ಜೊತೆ ಸೇರಿ ಹ್ಯಾನ್ಸ್ ಎಂಬ ಕತ್ತಿನ ರಕ್ಷಕವನ್ನು ರೂಪಿಸಿದರು. 2003ರಿಂದ ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾಯಿತು. ಸೂಕ್ತ ಸೀಟು, ಕಾರು ಮಗುಚಿದರೂ ಚಾವಣಿ ಕುಸಿಯದಂತೆ ಹಿಡಿಯುವ ಕೊಳವೆಗಳ ಚೌಕಟ್ಟಾದ ರೋಲ್ ಕೇಜು, ಕತ್ತಿನ ರಕ್ಷಕ ಇವೆಲ್ಲ ಒಟ್ಟಿಗೆ ಇದ್ದಾಗ ಮಾತ್ರ ಆ ಬೆಲ್ಟಿಗೆ ಅರ್ಥ. ಇಲ್ಲದವರು ಕಾರಿನ ಕಂಪನಿ ಕೊಟ್ಟ ಮೂರು ಬಿಂದುಗಳ ಬೆಲ್ಟನ್ನೇ ಗಟ್ಟಿಯಾಗಿ ಕಟ್ಟಿಕೊಂಡರೆ ಹೆಚ್ಚು ಕ್ಷೇಮ.

ಚಾಲಕನ ಸಿದ್ಧತೆಯಲ್ಲಿ ಮೊದಲನೆಯದು ನಿದ್ದೆ. ರಾತ್ರಿ ಎರಡು ಗಂಟೆಯವರೆಗೆ ಕಾರಿನ ಕೆಳಗೆ ಮಲಗಿದ್ದವರನ್ನು ನಾನು ತಪಾಸಣೆಯ ಸಾಲಿನಲ್ಲೇ ಗುರುತಿಸುತ್ತೇನೆ. ಅವರು ಕೇಳಿದ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಕ್ಷಣ ಶೂನ್ಯವನ್ನು ನೋಡುತ್ತಾರೆ. ಎರಡನೆಯದು ಕೂರುವ ರೀತಿ: ಬೆನ್ನು ಸೀಟಿಗೆ ಆತುಕೊಂಡಿರುವಾಗಲೇ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗಿನ ಮೇಲಂಚನ್ನು ಮುಟ್ಟಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಮೂರನೆಯದು ಬಾವುಟಗಳು. ಹಳದಿ ಕಂಡರೆ ಮುಂದೆ ಅಪಾಯವಿದೆ, ವೇಗ ತಗ್ಗಿಸಬೇಕು, ಯಾರನ್ನೂ ಹಿಂದೆ ಹಾಕಬಾರದು. ಕೆಂಪು ಕಂಡರೆ ಓಟ ನಿಂತಿದೆ. ಹಿಂದಿನವರು ಬಂದು ಗುದ್ದುವಂತೆ ಗಕ್ಕನೆ ನಿಲ್ಲಿಸದೆ ನಿಧಾನವಾಗಿ, ಸಂಘಟಕರು ಹೇಳಿದ ಜಾಗಕ್ಕೆ ಮರಳಬೇಕು. ನೀಲಿ ಎಂದರೆ ವೇಗದ ಕಾರು ಹಿಂದೆ ಬಂದಿದೆ. ಹಳದಿ ಕೆಂಪು ಪಟ್ಟೆಗಳೆಂದರೆ ದಾರಿ ಜಾರುತ್ತಿದೆ. ಕಪ್ಪಿನ ನಡುವೆ ಕಿತ್ತಳೆ ವೃತ್ತವೆಂದರೆ ನಿಮ್ಮ ಕಾರಿನಲ್ಲೇ ಏನೋ ಕೆಟ್ಟಿದೆ. ಬೆಳಗಿನ ಚಾಲಕರ ಸಭೆಯಲ್ಲಿ ಇದನ್ನೆಲ್ಲ ವಿವರಿಸುತ್ತಾರೆ, ಆದರೆ ಆ ಹೊತ್ತಿನಲ್ಲಿ ಅರ್ಧ ಜನರ ಕಣ್ಣು ಮೊಬೈಲಿನ ಮೇಲಿರುತ್ತದೆ. ಬಾವುಟ ಹಿಡಿದು ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಮಾರ್ಷಲ್ಲುಗಳು ಸಂಬಳಕ್ಕೆ ಬಂದವರಲ್ಲ ಎಂಬುದನ್ನೂ ಇಲ್ಲಿ ನೆನಪಿಸುತ್ತೇನೆ.

ವಾಹನ ವಿಮೆಯ ಷರತ್ತುಗಳನ್ನೂ ಮೊದಲೇ ಓದಬೇಕು. ಸಾಮಾನ್ಯ ಪಾಲಿಸಿಗಳು ರೇಸು ಮತ್ತು ವೇಗದ ಸ್ಪರ್ಧೆಗಳನ್ನು ಹೊರಗಿಡುವುದೇ ವಾಡಿಕೆ, ಇದು ಕಾರು ಜಖಂ ಆದ ಮೇಲೆ ತಿಳಿದರೆ ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಸಂಘಟಕರ ಪಾಲೂ ಕಡಿಮೆಯಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ಓಟದಲ್ಲಿ ಒಂದು ಕಾರು ಪ್ರೇಕ್ಷಕರ ಕಡೆಗೆ ಚಿಮ್ಮಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ನಂತರ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಕಾರು ರೇಸನ್ನೇ ನಿಷೇಧಿಸಿತು. ಕ್ಲಬ್ಬಿನ ದಿನದಲ್ಲಿ ವೇಗ ಅಷ್ಟಿರದಿದ್ದರೂ, ತಿರುವಿನ ಹೊರಬದಿಯಲ್ಲಿ ಮೊಬೈಲ್ ಹಿಡಿದು ನಿಲ್ಲುವ ಬಂಧುಮಿತ್ರರನ್ನು ಅಲ್ಲಿಂದ ಕದಲಿಸುವ ಕೆಲಸವನ್ನು ಯಾರಿಗಾದರೂ ಹೆಸರು ಹಿಡಿದು ವಹಿಸದಿದ್ದರೆ ಅದು ನಡೆಯುವುದಿಲ್ಲ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಷ್ ಬೆಟ್ಟದ ದಾರಿಯಲ್ಲಿ ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ 1905ರಲ್ಲಿ ಆರಂಭಿಸಿದ ಬೆಟ್ಟ ಏರುವ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಸಾವಿರ ಗಜಗಳ ಆ ಪುಟ್ಟ ದಾರಿಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹವ್ಯಾಸಿಗಳ ಆಟವೊಂದು ಬದುಕಿ ಬಂದಿರುವುದನ್ನು ನೋಡಿದರೆ, ಕ್ಲಬ್ಬುಗಳ ಕೈಯಲ್ಲಿ ಇದು ಆಗದ ಕೆಲಸವೇನಲ್ಲ ಎನಿಸುತ್ತದೆ.

ಆದ್ದರಿಂದ ಕ್ಲಬ್ಬುಗಳಲ್ಲಿ ನನ್ನ ಕೋರಿಕೆ ಎರಡು. ತಪಾಸಣೆಯಲ್ಲಿ ನಾವು ನೋಡುವ ಪಟ್ಟಿಯನ್ನು ಗುಟ್ಟಾಗಿಡದೆ ಪ್ರವೇಶಪತ್ರದ ಜೊತೆಗೇ ಕಳುಹಿಸಿಕೊಡಬೇಕು. ಸ್ಪರ್ಧೆಗೆ ಒಂದು ವಾರ ಮೊದಲು, ಅರ್ಧ ದಿನ, ಯಾರು ಬೇಕಾದರೂ ಕಾರು ತಂದು ತೋರಿಸಿಕೊಳ್ಳುವಂಥ ಮುಕ್ತ ತಪಾಸಣೆ ನಡೆಸಬೇಕು. ಆ ದಿನ ಸಡಿಲವಾಗಿ ಸಿಕ್ಕ ಬ್ಯಾಟರಿಗೆ ಬೋಲ್ಟ್ ಹಾಕಲು, ಹಳೆಯ ಬ್ರೇಕ್ ಆಯಿಲ್ ಬದಲಿಸಲು ಏಳು ದಿನ ಇರುತ್ತದೆ, ತಿರಸ್ಕರಿಸಿ ಮನೆಗೆ ಕಳುಹಿಸುವ ಮುಜುಗರವೂ ಇಬ್ಬರಿಗೂ ಇರುವುದಿಲ್ಲ. ತಮ್ಮಲ್ಲಿ ನನ್ನ ಕೋರಿಕೆ ಒಂದೇ: ಇಂಥ ದಿನದ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಾಗ ದಿನಾಂಕ, ಸ್ಥಳಗಳ ಕೆಳಗೆ ಆ ಪಟ್ಟಿಗೂ ಒಂದು ಕಾಲಮಿನ ಅರ್ಧದಷ್ಟು ಜಾಗ ಕೊಡಬೇಕು. ಪಟ್ಟಿಯನ್ನು ಸರಳ ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ ಕ್ಲಬ್ಬೊಂದರ ಸ್ವಯಂಸೇವಕ ತಪಾಸಕ